ಅಡ್ಡಿಲ್ಲ ಎಂದು ಬರೆದ ಪುಟ

ಕೋಟೇಶ್ವರದ ಆ ಅಕ್ಕಿ ಗಿರಣಿಯ ಸದ್ದು ಒಮ್ಮೆಲೇ ನಿಲ್ಲುವುದಿಲ್ಲ. ಕರೆಂಟು ಹೋದ ಮೇಲೂ ಬೆಲ್ಟು ಸ್ವಲ್ಪ ಹೊತ್ತು ತಿರುಗುತ್ತದೆ. ಟಪ ಟಪ ಟಪ ಎಂದು ಓಡುತ್ತಿದ್ದದ್ದು ಟಪ, ಟಪ ಎಂದು ನಡೆಯತೊಡಗುತ್ತದೆ, ಕೊನೆಗೆ ಒಂದೇ ಒಂದು ಟಪ್. ಆಮೇಲೆ ಹೈವೇಯ ಬಸ್ಸುಗಳ ಸದ್ದು ಮಾತ್ರ. ಗಿರಣಿಯ ಹಿಂದಿನ ಓಣಿಯ ಬಾಡಿಗೆ ಮನೆಯಲ್ಲಿ ತಾಯಿಯ ಜೊತೆಗಿದ್ದ ಸುಗುಣಕ್ಕ ಮಾತಿನ ನಡುವೆಯೂ ಆ ಬಡಿತಗಳನ್ನು ಎಣಿಸುತ್ತಿದ್ದರು. ಎಣಿಸಬೇಕೆಂದು ಎಣಿಸುತ್ತಿದ್ದದ್ದಲ್ಲ. ‘ಮೂವತ್ತೊಂದು’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು. ಒಂದು ವಸ್ತುವಿನ ಕರೆಂಟು ಹೋದ ಮೇಲೆ ಅದರಲ್ಲಿ ಇನ್ನೂ ಎಷ್ಟು ಹೊತ್ತು ಏನು ಉಳಿದಿರುತ್ತದೆ ಎಂಬುದನ್ನು ಅವರಷ್ಟು ಯೋಚಿಸಿದವರನ್ನು ನಾನು ಬೇರೆ ಕಂಡಿಲ್ಲ.

ಅವರ ಊರು ಬೈಂದೂರು ಹತ್ತಿರದ ಯಡ್ತರೆ. ಗದ್ದೆ ಮಾಡಿಕೊಂಡಿದ್ದ ಮನೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಬಿ.ಎಸ್ಸಿ. ತರಗತಿಯಲ್ಲಿ ಇಂಗ್ಲಿಷ್ ಪುಸ್ತಕದ ಎದುರು ಮೂರು ವರ್ಷ ಬಾಯಿ ಮುಚ್ಚಿ ಕೂತವರು. ಪ್ರಶ್ನೆ ಕೇಳಲು ಎದ್ದು ನಿಂತರೆ ಯಾವ ಭಾಷೆಯಲ್ಲಿ ಕೇಳುವುದು ಎಂಬುದೇ ಹೆದರಿಕೆಯಾಗಿತ್ತಂತೆ. ೧೯೯೭ರಲ್ಲಿ ಕುಂದಾಪುರದ ಕಾಲೇಜೊಂದಕ್ಕೆ ಹತ್ತು ಕಂಪ್ಯೂಟರುಗಳು ಬಂದವು, ಅವುಗಳನ್ನು ನೋಡಿಕೊಳ್ಳಲು ಒಬ್ಬ ಲ್ಯಾಬ್ ಸಹಾಯಕಿ ಬೇಕಾಯಿತು. ಧೂಳು ಒರೆಸುವುದು, ಚಪ್ಪಲಿ ಹೊರಗೆ ಬಿಡಿಸುವುದು, ಹಾಜರಿ ಬರೆಯುವುದು. ಸುಗುಣಕ್ಕ ಸೇರಿದ್ದು ಆ ಕೆಲಸಕ್ಕೆ.

ಎರಡು ವರ್ಷ ಕಳೆದ ಮೇಲೆ, ಒಂದು ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಲಿನಕ್ಸ್ ಲ್ಯಾಬಿಗೆ ಬಂತು. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ, ಪುಕ್ಕಟೆಯದ್ದು. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಆಗೆಲ್ಲ ಆ ತಿರುಳನ್ನು ನಮ್ಮ ನಮ್ಮ ಯಂತ್ರಕ್ಕೆ ಹೊಂದುವ ಹಾಗೆ ನಾವೇ ಕಟ್ಟಿಕೊಳ್ಳಬೇಕಿತ್ತು. ಕಟ್ಟುವ ಮೊದಲು ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ. ಈ ಕಂಪೆನಿಯ ಸೌಂಡ್ ಕಾರ್ಡ್ ಉಂಟೋ? ಆ ಬಗೆಯ ಮೌಸ್ ಉಂಟೋ? ಆ ಭಾಗವನ್ನು ಮಾತಾಡಿಸುವ ಡ್ರೈವರ್ ಎಂಬ ಪುಟ್ಟ ತುಂಡು ನಿಮಗೆ ಬೇಕೋ? ಡಿಸ್ಕಿನಲ್ಲಿ ಕಡತಗಳನ್ನು ಈ ರೀತಿಯಲ್ಲಿ ಜೋಡಿಸಿಡಬೇಕೋ? ಹೌದು, ಇಲ್ಲ, ಬೇಕಾದಾಗ ಮಾತ್ರ. ಮೂರೇ ಉತ್ತರ. ಪ್ರಶ್ನೆಗಳು ಮಾತ್ರ ಸಾವಿರಕ್ಕೂ ಹೆಚ್ಚು. ಪ್ರತಿಯೊಂದರ ಕೆಳಗೂ ನಾಲ್ಕಾರು ಸಾಲು ಇಂಗ್ಲಿಷ್ ವಿವರಣೆ, ಹೆಚ್ಚಿನವುಗಳ ಕೊನೆಗೆ ಅದೇ ಒಂದು ಮಾತು: ಸಂಶಯವಿದ್ದರೆ ಇಲ್ಲ ಎನ್ನಿ.

ಆ ಮಾತು ಸುಗುಣಕ್ಕನಿಗೆ ತುಂಬ ಹಿಡಿಸಿತು. ಗೊತ್ತಿಲ್ಲದವರನ್ನು ಗದರಿಸದ ಒಂದು ಇಂಗ್ಲಿಷ್ ವಾಕ್ಯವನ್ನು ಅವರು ಓದಿದ್ದು ಅದೇ ಮೊದಲು. ಮುಂದೆ ಮನೆಯಲ್ಲಿ ಮದುವೆಯ ಮಾತು ಬಂದಾಗಲೆಲ್ಲ ತಾಯಿ ಕಮಲಮ್ಮನಿಗೆ ಇದನ್ನೇ ಹೇಳುತ್ತಿದ್ದರಂತೆ. ಕಮಲಮ್ಮ, ‘ಅದೆಂತ ಶಾಸ್ತ್ರವೋ ಮಾರಾಯ್ತಿ, ಎಲ್ಲಕ್ಕೂ ಇಲ್ಲ ಅಂಬುದು’ ಎಂದು ಎದ್ದು ಹೋಗುತ್ತಿದ್ದರಂತೆ.

ಆ ವರ್ಷದ ಅಕ್ಟೋಬರಿನಲ್ಲಿ ಒಂದು ಉದ್ದ ಹಾಳೆಯ ದಪ್ಪ ನೋಟುಪುಸ್ತಕದ ಮೊದಲ ಪುಟ ತೆರೆದರು. ಕನ್ನಡ ಶಾಲೆಯಿಂದ ಬರುವ ಹುಡುಗ ಹುಡುಗಿಯರು ಆ ಪ್ರಶ್ನೆಗಳ ಎದುರು ತನ್ನ ಹಾಗೆ ಬಾಯಿ ಮುಚ್ಚಿ ಕೂರಬಾರದು, ಅಷ್ಟೇ ಅವರ ಉದ್ದೇಶ. ಒಂದು ಪ್ರಶ್ನೆಗೆ ಒಂದು ಪುಟ ಅಥವಾ ಅರ್ಧ ಪುಟ. ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ. ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡಿದ್ದರು. ತಾನು ಕೈಯಾರೆ ಮಾಡಿ, ಕಣ್ಣಾರೆ ನೋಡದ ಯಾವುದನ್ನೂ ನಿಜವೆಂದು ಬರೆಯುವುದಿಲ್ಲ. ಹಾಗಾಗಿ ಕಾಲೇಜು ಬಿಟ್ಟ ಮೇಲೆ ಐದೂವರೆಯ ಬಸ್ಸಿನವರೆಗೆ ಅವರು ಕಂಪ್ಯೂಟರುಗಳ ಮುಚ್ಚಳ ಬಿಚ್ಚಿ ಕೂರುತ್ತಿದ್ದರು. ಒಂದು ಕಾರ್ಡು ತೆಗೆದು ಇನ್ನೊಂದು ಸಿಕ್ಕಿಸುವುದು, ಹೌದು ಎಂದು ನೋಡುವುದು, ಇಲ್ಲ ಎಂದು ನೋಡುವುದು. ಗುಜರಿ ಅಂಗಡಿಯಿಂದ ಹಳೇ ಮೋಡೆಮ್ ತಂದು ಒರೆಸಿ ಸಿಕ್ಕಿಸಿದ್ದೂ ಉಂಟು.

ಅವರ ಬರವಣಿಗೆ ಹೀಗಿತ್ತು: ‘ಈ ಸೌಂಡ್ ಕಾರ್ಡ್ ನಮ್ಮ ಆರನೇ ಕಂಪ್ಯೂಟರಿನಲ್ಲಿದೆ. ಹೌದು ಎಂದರೆ ಕೂಡಲೇ ಮಾತಾಡುತ್ತದೆ. ಬೇಕಾದಾಗ ಎಂದರೆ ಮೊದಲು ಒಂದು ಸಲ ಕೆಮ್ಮಿ ಆಮೇಲೆ ಮಾತಾಡುತ್ತದೆ. ಹೆದರಬೇಡಿ.’ ಇನ್ನೊಂದು ಪುಟ: ‘ಹವ್ಯಾಸಿ ರೇಡಿಯೋ. ನೋಡಿಲ್ಲ. ಕುಂದಾಪುರದಲ್ಲಿ ವಿಚಾರಿಸಿದೆ, ಯಾರ ಹತ್ತಿರವೂ ಇಲ್ಲ. ಸಂಶಯವಿದ್ದರೆ ಇಲ್ಲ ಎನ್ನಿ.’ ‘ನೋಡಿಲ್ಲ’ ಎಂಬ ಪುಟಗಳೇ ಎಷ್ಟೋ. ಅವಕ್ಕೆ ಅವರು ನಾಚಲಿಲ್ಲ.

ಲ್ಯಾಬಿನ ಮುಖ್ಯಸ್ಥರು ರವಿಚಂದ್ರ ಸರ್. ಬಾಗಿಲಲ್ಲಿ ನಿಂತು ನಗುತ್ತಿದ್ದರು.

‘ಹ್ವಾಯ್ ಸುಗುಣ, ಕಂಪ್ಯೂಟರಿಗೆ ಪಂಚಾಂಗ ಬರೀತಿದ್ಯಾ? ರಾಹುಕಾಲ ಯಾವ ಪುಟದಗೆ ಇತ್ತ್, ಕಾಂಬ!’

‘ಅದನ್ನ್ ಬೇರೆ ಬರುಕೆ ಎಂತಕ್ಕೆ ಸರ್? ನೀವು ಲ್ಯಾಬಿಗ್ ಬಂದ್ ಕೂತ್ರ್ ಅಂದ್ರೆ ಅದೇ.’

ನಕ್ಕರೂ ಅವರು ತಡೆಯಲಿಲ್ಲ. ಓದಲೂ ಇಲ್ಲ. ಮಕ್ಕಳೂ ಓದಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಬೇಕಾದ ಏಳೆಂಟು ಆದೇಶಗಳು ಒಂದು ಹಾಳೆಯಲ್ಲಿ ಸಿಗುವಾಗ ಸಾವಿರ ಪುಟ ಯಾರಿಗೆ ಬೇಕು? ಒಂದು, ಎರಡು, ಮೂರು ಎಂದು ನೋಟುಪುಸ್ತಕಗಳು ಕಪಾಟಿನಲ್ಲಿ ನಿಂತವು. ಅಷ್ಟರಲ್ಲಿ ಕರ್ನೆಲಿನ ಹೊಸ ಆವೃತ್ತಿ ಬಂದು ಹಳೆಯ ಪ್ರಶ್ನೆಗಳಲ್ಲಿ ಕೆಲವು ಬಿದ್ದುಹೋಗಿ, ಹೊಸವು ನೂರಾರು ಸೇರಿರುತ್ತಿದ್ದವು. ಸುಗುಣಕ್ಕ ಮತ್ತೆ ಬರೆಯುತ್ತಿದ್ದರು. ಕಾಲೇಜಿನ ಗೋಡೆಗೆ ಸುಣ್ಣ ಬಳಿಯುವವರು ಕೊನೆಯ ಕೋಣೆ ಮುಗಿಸುವಾಗ ಮೊದಲ ಕೋಣೆಗೆ ಪಾಚಿ ಹಿಡಿದಿರುವುದಿಲ್ಲವೇ, ಹಾಗೆ.

ಆರು ವರ್ಷಗಳ ಮೇಲೆ ಆ ಪುಸ್ತಕಕ್ಕೆ ಒಬ್ಬರು ಓದುಗರು ಸಿಕ್ಕಿದರು. ಹೆಮ್ಮಾಡಿಯ ಭೋಜರಾಜ ಮಾಷ್ಟ್ರು. ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು. ಹತ್ತು ವರ್ಷಗಳಿಂದ ಅವರು ಈ ಕಡೆಯ ಮಾತುಗಳನ್ನು ಚೀಟಿಗಳಲ್ಲಿ ಬರೆದು ಬಿಸ್ಕೆಟ್ ಡಬ್ಬಗಳಲ್ಲಿ ತುಂಬಿಸುತ್ತಿದ್ದರು. ಗದ್ದೆಯ ಎತ್ತರ ತಗ್ಗು ಹೇಳುವ ಬೈಲು, ಬೆಟ್ಟು, ಮಜಲು ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತುಗಳು. ಅವರಿಗೆ ಬೇಕಿದ್ದದ್ದು ಇವುಗಳ ನಡುವೆ ಸಂದಿಯಲ್ಲಿ ಉಳಿದ ಮಾತುಗಳು. ಉಪ್ಪುನೀರು ಹತ್ತುವ ಗದ್ದೆಯವರು, ದೋಣಿ ಮಾಡುವವರು, ಹಂಚಿನ ಕಾರ್ಖಾನೆಗೆ ಮಣ್ಣು ಹೊತ್ತವರು ಆಡುತ್ತಿದ್ದ, ಬೇರೆ ಯಾರೂ ಆಡದ ಮಾತುಗಳು. ಹೇಳಿದವರಲ್ಲಿ ಹೆಚ್ಚಿನವರು ಆಗಲೇ ಎಂಬತ್ತು ದಾಟಿದ್ದರು. ಮುಂಬೈಯಲ್ಲಿದ್ದ ಅಣ್ಣನ ಮಗ ಹಳೆಯ ಕಂಪ್ಯೂಟರೊಂದನ್ನು ಮಾಷ್ಟ್ರಿಗೆ ಕಳಿಸಿಕೊಟ್ಟಿದ್ದ. ಅದರಲ್ಲಿ ಕನ್ನಡ ಬರುವ ಹಾಗೆ ಮಾಡಿಕೊಡಬೇಕೆಂದು ಅವರು ಕಾಲೇಜಿಗೆ ಬಂದದ್ದು.

ಸುಗುಣಕ್ಕ ಒಂದು ಭಾನುವಾರ ಹೆಮ್ಮಾಡಿಗೆ ಹೋಗಿ ಲಿನಕ್ಸ್ ಹಾಕಿಕೊಟ್ಟರು. ಕರೆಂಟಿನ ಕಣ್ಣಾಮುಚ್ಚಾಲೆಗೆ ಒಂದು ಯುಪಿಎಸ್, ಕರೆಂಟು ಹೋದರೂ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆ, ತರಿಸಲು ಹೇಳಿದರು. ಹೊರಡುವಾಗ ಮಾಷ್ಟ್ರು ಕೇಳಿದರು:

‘ಇದ್ರ್ ಒಳ್ಗೆ ಎಂತೆಂತ ಇತ್ತ್ ಅಂದೇಳಿ ಕನ್ನಡದಗೆ ಯಾರಾರೂ ಬರ್ದದ್ ಇತ್ತಾ ಮಗಾ?’

ಆ ಪ್ರಶ್ನೆಯನ್ನು ಸುಗುಣಕ್ಕನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಮುಂದಿನ ವಾರ, ಅಷ್ಟರಲ್ಲಿ ನಾಲ್ಕಾಗಿದ್ದ ಪುಸ್ತಕಗಳ ಜೆರಾಕ್ಸ್ ಮಾಡಿಸಿ ಬಸ್ಸಿನಲ್ಲಿ ಹೊತ್ತುಕೊಂಡು ಹೋದರು.

ಮಾಷ್ಟ್ರು ಕೆಂಪು ಪೆನ್ನು ಹಿಡಿದು ಓದಿದರು. ಮೂವತ್ತೈದು ವರ್ಷದ ಅಭ್ಯಾಸ. ಕಾಗುಣಿತ ತಪ್ಪಿದಲ್ಲಿ ಸುತ್ತು ಹಾಕಿದರು, ಅರ್ಥವಾಗದಲ್ಲಿ ಪ್ರಶ್ನೆ ಬರೆದರು, ಅರ್ಥವಾಗಿ ತಾವೂ ಮಾಡಿ ನೋಡಿದ್ದರ ಪಕ್ಕ ಸರಿ ಗುರುತು ಹಾಕಿದರು. ತಿಂಗಳಿಗೊಮ್ಮೆ ಸುಗುಣಕ್ಕ ಹೋದಾಗ ಇಬ್ಬರೂ ಜಗಲಿಯಲ್ಲಿ ಕೂತು ಆ ಕೆಂಪನ್ನೆಲ್ಲ ನೋಡುತ್ತಿದ್ದರು. ಮಾಷ್ಟ್ರ ಹೆಂಡತಿ ಕುಸುಮಮ್ಮ ಚಹಾ ತಂದು ಇಟ್ಟು, ‘ಈ ಪ್ರಾಯದಗೆ ಒಂದ್ ಹೆಣ್ಣಿಗೆ ಕಾಪಿ ತಿದ್ದುಕೆ ಹಾಕ್ಕಂಡಿರಿಯಲೆ’ ಎಂದು ಗಂಡನನ್ನು ಛೇಡಿಸುತ್ತಿದ್ದರು. ತಮ್ಮ ಬದುಕಿನಲ್ಲಿ ಅತ್ಯಂತ ಒಳ್ಳೆಯ ದಿನಗಳು ಯಾವುವು ಎಂದು ನಾನೊಮ್ಮೆ ಕೇಳಿದ್ದಕ್ಕೆ ಸುಗುಣಕ್ಕ, ‘ಆ ಕೆಂಪು ಸುತ್ತುಗಳದ್ದು’ ಎಂದಿದ್ದರು.

ಮಾಷ್ಟ್ರು ಚೀಟಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸುತ್ತ ಹೋದರು. ಎಲ್ಲವೂ ಒಂದೇ ಕಡತದಲ್ಲಿ. ಒಂದು ಡಬ್ಬ ಮುಗಿದ ಕೂಡಲೇ ಆ ಚೀಟಿಗಳನ್ನು ಕುಸುಮಮ್ಮ ಬಚ್ಚಲ ಒಲೆಗೆ ಹಾಕುತ್ತಿದ್ದರು. ಟೈಪ್ ಆದ ಮೇಲೆ ಎಂತಕ್ಕೆ? ಒಣ ಕಾಗದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಇಲ್ಲಿ ಮನೆಮನೆಯಲ್ಲೂ ಕೆಲಸ ಮುಗಿದ ಕಾಗದ ಹೋಗುವುದು ಅಲ್ಲಿಗೇ. ಮೊದಮೊದಲು ಮಾಷ್ಟ್ರು ಕಡತದ ಪ್ರತಿಯನ್ನು ಫ್ಲಾಪಿಯಲ್ಲಿ ಇಡುತ್ತಿದ್ದರು. ಆಮೇಲೆ ಅದೂ ಬಿಟ್ಟುಹೋಯಿತು. ಕಂಪ್ಯೂಟರು ಹಾಳಾಗುವ ಲಕ್ಷಣ ಇರಲಿಲ್ಲ, ಕೊನೆಗೆ ಎಲ್ಲ ಮುಗಿದ ಮೇಲೆ ಸುಗುಣ ಬಂದು ಸಿ.ಡಿ. ಮಾಡಿಕೊಡುತ್ತೇನೆ ಎಂದಿದ್ದಳು.

ಕಡತ ದೊಡ್ಡದಾದ ಹಾಗೆ ಆ ಹಳೇ ಯಂತ್ರಕ್ಕೆ ಅದನ್ನು ಉಳಿಸಲು ಹೊತ್ತು ಹಿಡಿಯತೊಡಗಿತು. ಪ್ರತಿ ಸಲ ಉಳಿಸುವಾಗಲೂ ಅದು ಪೂರ್ತಿ ಕಡತವನ್ನು ಹೊಸದಾಗಿ ಬರೆಯುತ್ತಿತ್ತು, ಮಾಷ್ಟ್ರು ಕೈ ಕಟ್ಟಿ ಕಾಯಬೇಕಾಗಿತ್ತು. ಕಾಯುವಾಗ ಮುಂದಿನ ಮಾತು ಮರೆತುಹೋಗುತ್ತಿತ್ತಂತೆ. ಅವರು ಉಪಾಯವನ್ನು ಸುಗುಣಕ್ಕನ ಪುಸ್ತಕದಲ್ಲೇ ಹುಡುಕಿದರು. ಮೂರನೇ ಪುಸ್ತಕ, ಕಡತ ಜೋಡಿಸುವ ರೀತಿಗಳ ಭಾಗ.

ಆ ಪುಟವನ್ನು ನಾನು ನೋಡಿದ್ದೇನೆ. ಡಿಸ್ಕಿಗೆ ಬರೆಯುವ ಮೂರು ಬಗೆಗಳನ್ನು ಅಲ್ಲಿ ವಿವರಿಸಿದ್ದಾರೆ. ಮೊದಲನೆಯದು ಎಲ್ಲವನ್ನೂ ಎರಡೆರಡು ಸಲ ಬರೆಯುತ್ತದೆ, ಹಾಗಾಗಿ ತುಂಬ ನಿಧಾನ. ಎರಡನೆಯದು ಒಳಗಿನ ಬರಹವನ್ನು ಮೊದಲು ಇಟ್ಟು, ಆಮೇಲೆ ಅದರ ಹೆಸರು ಮತ್ತು ಗಾತ್ರ ಬರೆಯುತ್ತದೆ. ಮೂರನೆಯದು ಹೆಸರು, ಗಾತ್ರವನ್ನು ಮೊದಲೇ ಬರೆದುಬಿಡುತ್ತದೆ, ಒಳಗಿನದ್ದನ್ನು ಪುರುಸೊತ್ತಾದಾಗ ಇಡುತ್ತದೆ. ಹಾಗಾಗಿ ಬೇಗ. ನಡುವೆ ಕರೆಂಟು ಹೋದರೆ ಹೆಸರು ಇರುತ್ತದೆ, ಗಾತ್ರ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಸುಗುಣಕ್ಕ ಇದನ್ನು ಲ್ಯಾಬಿನಲ್ಲಿ ಮಾಡಿ ನೋಡಿದ್ದರು. ಯುಪಿಎಸ್ ಇಲ್ಲದೆ ಮೂವತ್ತು ಸಲ ಮೇನ್ ಸ್ವಿಚ್ ಇಳಿಸಿದಾಗ ಹನ್ನೊಂದು ಸಲ ಕಡತ ಪೊಳ್ಳಾಗಿತ್ತು. ಯುಪಿಎಸ್ ಇಟ್ಟು ಮೂವತ್ತು ಸಲ ಇಳಿಸಿದಾಗ ಒಂದು ಅಕ್ಷರವೂ ಹೋಗಿರಲಿಲ್ಲ. ಲೆಕ್ಕವನ್ನೆಲ್ಲ ಬರೆದು, ಕೊನೆಗೆ ಒಂದು ಸಾಲು: ‘ಯುಪಿಎಸ್ ಇಲ್ಲದಿದ್ದರೆ ಖಂಡಿತ ಬೇಡ. ಇದ್ದಲ್ಲಿ ಅಡ್ಡಿಲ್ಲ.’

ಮಾಷ್ಟ್ರ ಮನೆಯಲ್ಲಿ ಯುಪಿಎಸ್ ಇತ್ತು.

೨೦೦೭ರ ಮೇ ತಿಂಗಳು, ಮಳೆಗಾಲಕ್ಕೆ ಮೊದಲಿನ ಗುಡುಗಿನ ದಿನಗಳು. ಸಂಜೆ ನಾಲ್ಕು ಗಂಟೆಗೆ ಮಾಷ್ಟ್ರು ಆ ದಿನದ ಕೊನೆಯ ಮಾತು ಬರೆದು, ಉಳಿಸು ಎಂದು ಒತ್ತಿ, ಹಾಲಿನ ತಂಬಿಗೆ ಹಿಡಿದು ಡೈರಿಗೆ ಹೊರಟರು. ಅವರು ಗದ್ದೆಯ ಅಂಚು ದಾಟುವ ಮೊದಲೇ ಸಮುದ್ರದ ಕಡೆಯಿಂದ ಮೊದಲ ಗುಡುಗು ಕೇಳಿತು.

ಗುಡುಗು ಕೇಳಿದರೆ ನಮ್ಮ ಕಡೆ ಯಾರೂ ಮೊದಲು ಆಕಾಶ ನೋಡುವುದಿಲ್ಲ. ಒಳಗೆ ಓಡಿ ಪ್ಲಗ್ ಎಳೆಯುತ್ತಾರೆ. ಟಿ.ವಿ.ಯದ್ದು, ಮಿಕ್ಸಿಯದ್ದು, ಫ್ರಿಜ್ಜಿನದ್ದು, ಫೋನಿನ ವಯರು. ಪ್ರತಿ ಮನೆಯಲ್ಲೂ ಸಿಡಿಲಿಗೆ ಸುಟ್ಟ ಒಂದಾದರೂ ವಸ್ತುವಿನ ಕಥೆ ಇರುತ್ತದೆ. ಕುಸುಮಮ್ಮ ಎಲ್ಲ ಎಳೆದರು. ಯುಪಿಎಸ್ ಪ್ಲಗ್ ಎಳೆದ ಕೂಡಲೇ ಆ ಪೆಟ್ಟಿಗೆ ಕುಯ್ ಕುಯ್ ಎಂದು ಕೂಗತೊಡಗಿತು. ಗೋಡೆಯಿಂದ ಬಿಡಿಸಿದರೂ ಕೂಗುತ್ತದೆ ಎಂದರೆ ಒಳಗೆ ಇನ್ನೂ ಕರೆಂಟು ಉಂಟು, ಸಿಡಿಲು ಅದನ್ನೇ ಹುಡುಕಿಕೊಂಡು ಬರುತ್ತದೆ. ಹಾಗೆಂದುಕೊಂಡು ಅವರು ಪೆಟ್ಟಿಗೆಯ ಹಿಂದಿದ್ದ ವಯರುಗಳನ್ನೂ ಒಂದೊಂದಾಗಿ ಎಳೆದು ಹಾಕಿದರು. ಕಂಪ್ಯೂಟರ್ ಆರಿತು. ಗಂಡನ ಹನ್ನೆರಡು ವರ್ಷದ ಕೆಲಸವನ್ನು ಸಿಡಿಲಿನಿಂದ ಉಳಿಸಿದೆ ಎಂಬ ಸಮಾಧಾನದಿಂದ ಅವರು ಒಣಗಿಸಿದ್ದ ಹಪ್ಪಳ ತೆಗೆಯಲು ಅಂಗಳಕ್ಕೆ ಹೋದರು.

ಸುಗುಣಕ್ಕನಿಗೆ ಸುದ್ದಿ ತಲುಪಿದ್ದು ಮೂರನೇ ದಿನ. ಅಷ್ಟರಲ್ಲಿ ಮಾಷ್ಟ್ರು ಕಂಪ್ಯೂಟರನ್ನು ಎಷ್ಟೋ ಸಲ ಹಾಕಿ, ಆರಿಸಿ, ಮತ್ತೆ ಹಾಕಿ ನೋಡಿದ್ದರು. ಕಡತದ ಹೆಸರು ಇತ್ತು. ಗಾತ್ರ ಇತ್ತು. ತೆರೆದರೆ ಬಿಳಿ. ಸುಮಾರು ಆರು ಸಾವಿರದ ನಾನೂರು ಮಾತುಗಳಷ್ಟು ಉದ್ದದ ಬಿಳಿ. ಹಳೇ ಫ್ಲಾಪಿಗಳನ್ನು ತಂದರೆ ಅವುಗಳ ಒಳಗೆ ಬೂಷ್ಟು ಹಿಡಿದು ಕಂದು ಬಣ್ಣದ ಉಂಗುರಗಳಾಗಿದ್ದವು.

‘ಇವ್ಳ್ ಪ್ಲಗ್ ಎಳ್ದದ್ದ್,’ ಎಂದರು ಮಾಷ್ಟ್ರು. ಕೋಪ ಇರಲಿಲ್ಲ, ಹಾಜರಿ ಕರೆದ ಹಾಗಿತ್ತು. ಕುಸುಮಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಮೂರು ದಿನದಿಂದ ಗಂಡ ಹೆಂಡತಿ ಮಾತಾಡಿರಲಿಲ್ಲ.

ಪ್ಲಗ್ ಎಳೆದರೆ ಒಂದೋ ಎರಡೋ ಮಾತು ಹೋಗಬೇಕು, ಪೂರ್ತಿ ಯಾಕೆ ಹೋಯಿತು ಎಂದು ಯೋಚಿಸುತ್ತ ಸುಗುಣಕ್ಕ ಮೇಜಿನ ಮೇಲಿದ್ದ ಜೆರಾಕ್ಸ್ ಕಟ್ಟನ್ನು ಸರಿಸಿದರು. ಮೂರನೇ ಪುಸ್ತಕ ಆ ಪುಟಕ್ಕೇ ತೆರೆದಿತ್ತು. ‘ಇದ್ದಲ್ಲಿ ಅಡ್ಡಿಲ್ಲ’ ಎಂಬ ಸಾಲಿನ ಪಕ್ಕ ಕೆಂಪು ಶಾಯಿಯ ಸರಿ ಗುರುತು. ಪಕ್ಕದಲ್ಲಿ ತಾರೀಕು. ಕೆಳಗೆ ಚಿಕ್ಕ ಅಕ್ಷರದಲ್ಲಿ, ‘ಮಾಡಿದೆ. ಬಹಳ ಬೇಗವಾಯಿತು. ಉಪಕಾರ.’

ಗುಡುಗು ಬಂದರೆ ಪ್ಲಗ್ ಎಳೆಯುತ್ತಾರೆಂದು ಸುಗುಣಕ್ಕನಿಗೆ ಗೊತ್ತಿಲ್ಲವೇ? ಐದು ವರ್ಷದವರಿದ್ದಾಗಿನಿಂದ ಅವರೂ ಎಳೆದವರೇ. ಲ್ಯಾಬಿನಲ್ಲಿ ಮಾತ್ರ ಗುಡುಗಿಗೆ ಮೇನ್ ಸ್ವಿಚ್ ಇಳಿಸುತ್ತಾರೆ, ಯುಪಿಎಸ್ ಹಿಡಿದು ನಿಲ್ಲುತ್ತದೆ, ಒಂದೊಂದೇ ಕಂಪ್ಯೂಟರನ್ನು ಕ್ರಮದಲ್ಲಿ ಆರಿಸುತ್ತಾರೆ. ಮನೆಯ ಅಭ್ಯಾಸ ಮನೆಯಲ್ಲಿತ್ತು, ಲ್ಯಾಬಿನ ಅಭ್ಯಾಸ ಲ್ಯಾಬಿನಲ್ಲಿತ್ತು. ಎರಡೂ ಗೊತ್ತಿತ್ತು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ. ಅರವತ್ತು ಸಲ ಪರೀಕ್ಷೆ ಮಾಡಿದವರು ಯುಪಿಎಸ್‌ಗೂ ಕಂಪ್ಯೂಟರಿಗೂ ನಡುವಿನ ವಯರನ್ನು ಒಂದು ಸಲವೂ ಎಳೆದಿರಲಿಲ್ಲ. ಕಣ್ಣಾರೆ ನೋಡದ್ದನ್ನು ಬರೆಯುವುದಿಲ್ಲ ಎಂಬ ಕಟ್ಟಳೆ ಆ ಒಂದು ಮಾತಿನಲ್ಲಿ ಮುರಿದಿತ್ತು, ಮುರಿದದ್ದು ಬರೆಯುವಾಗ ಗೊತ್ತಾಗಿರಲಿಲ್ಲ.

ಡಿಸ್ಕನ್ನು ಬಿಚ್ಚಿ ಸೆರಗಿನಲ್ಲಿ ಸುತ್ತಿಕೊಂಡು ಅವರು ಕುಂದಾಪುರಕ್ಕೆ ಬಂದರು. ರಜೆಯ ಕಾಲ, ಲ್ಯಾಬು ಖಾಲಿ. ಒಂಬತ್ತು ದಿನ ಆ ಡಿಸ್ಕಿನ ಒಂದೊಂದು ಮೂಲೆಯನ್ನೂ ಕನ್ನಡ ಅಕ್ಷರಗಳಿಗಾಗಿ ಹುಡುಕಿದರು. ಮಾಷ್ಟ್ರು ಹಾಕಿ ಆರಿಸಿದ್ದರಿಂದ ಹಳೆಯದ್ದರ ಮೇಲೆ ಹೊಸ ಕಸ ಕೂತಿತ್ತು. ಸಿಕ್ಕಿದ್ದು ನಲವತ್ತೇಳು ಚೂರು. ವಿಚಿತ್ರವೆಂದರೆ ಚೂರುಗಳಲ್ಲಿ ಹೆಚ್ಚಿನವು ಸಾಲಿನ ಕೊನೆಯವು. ಅರ್ಥ ಉಳಿದಿತ್ತು, ಮಾತು ಹೋಗಿತ್ತು.

‘… ಮಳೆ ನಿಂತ ಮೇಲೆ ಮರದ ಅಡಿಯಲ್ಲಿ ಮಾತ್ರ ಬೀಳುವ ಮಳೆ.’

‘… ದೋಣಿಗೆ ಕೊನೆಗೆ ಹತ್ತಿದವನು ಕೂರುವ ಜಾಗ.’

‘… ಬರುತ್ತೇನೆಂದು ಹೇಳಿ ಬಾರದವರಿಗೆ ತೆಗೆದಿಟ್ಟ ಅನ್ನ.’

ಸುಗುಣಕ್ಕ ಅವನ್ನು ಒಂದು ಹಾಳೆಯಲ್ಲಿ ನಕಲು ಮಾಡಿಕೊಂಡು ಹೆಮ್ಮಾಡಿಗೆ ಹೋದರು. ಬಸ್ಸಿನಲ್ಲಿ ಅವರಿಗೆ ಒಂದು ಆಸೆ ಇತ್ತು. ಅರ್ಥ ಓದಿ ಹೇಳಿದರೆ ಮಾಷ್ಟ್ರಿಗೆ ಮಾತು ನೆನಪಾಗುತ್ತದೆ, ನಲವತ್ತೇಳರಿಂದ ಇನ್ನೊಂದು ನಲವತ್ತೇಳು, ಹಾಗೆ ದಾರಿ ತೆರೆದುಕೊಳ್ಳುತ್ತದೆ.

ಜಗಲಿಯಲ್ಲಿ ಕೂತು ಓದಿದರು. ಮಾಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಮೊದಲನೆಯದಕ್ಕೆ ತುಟಿ ಅಲ್ಲಾಡಿತು.

‘ಇತ್ತ್. ನಾಲಿಗಿ ತುದಿಯಗೇ ಇತ್ತ್. ಅದನ್ನ ಹೇಳದ್ದ್ ಕೊರಗ ಅಂದೇಳಿ ಒಬ್ಬ, ಮೀನ್ ಬಲೆ ಹೊಲಿತಿದ್ದಿದ್ದ. ಅವ ಹೇಳ್ವತಿಗೆ ಬೀಡಿ ಕಚ್ಚಿದ್ದ್ ಸಾ ನೆನಪಿತ್ತ್ ಮಗಾ. ಅವ ಎಂತ ಅಂದದ್ದ್ ಅಂದೇಳಿ…’

‘ಅವರ ಮನೆ ಎಲ್ಲಿ ಮಾಷ್ಟ್ರೇ? ನಾ ಹೋಗಿ ಕೇಂತೆ.’

‘ಅವ ಹೋಯಿ ನಾಲ್ಕ್ ಮಳಿಗಾಲ ಆಯ್ತ್.’

ಎರಡನೆಯದನ್ನು ಓದಿದರು. ಮೂರನೆಯದನ್ನು. ಹದಿನೈದರವರೆಗೆ ಓದಿ, ಮಾಷ್ಟ್ರ ಮುಖ ನೋಡಿ, ಹಾಳೆ ಮಡಚಿದರು. ಹದಿನೈದರಲ್ಲಿ ನೆನಪಾದದ್ದು ಎರಡು. ಚೀಟಿಯಲ್ಲಿ ಬರೆದ ಮೇಲೆ ಮಾಷ್ಟ್ರು ಆ ಮಾತುಗಳನ್ನು ತಲೆಯಿಂದ ಇಳಿಸಿಬಿಟ್ಟಿದ್ದರು. ಬರೆಯುವುದು ಎಂದರೆ ಅದೇ ಅಲ್ಲವೇ.

ಆಗ ಸುಗುಣಕ್ಕ ಎದ್ದು ಹಿತ್ತಿಲಿಗೆ ಹೋದರು. ಕುಸುಮಮ್ಮ ಬಚ್ಚಲ ಒಲೆಯ ಎದುರು ಕೂತು ತೆಂಗಿನ ಗರಿ ಮುರಿಯುತ್ತಿದ್ದರು.

‘ಅಮ್ಮಾ, ತಪ್ಪು ನಿಮ್ಮದಲ್ಲ. ನನ್ನ ಪುಸ್ತಕದಲ್ಲಿ ನಾನು ಅಡ್ಡಿಲ್ಲ ಎಂದು ಬರೆದಿದ್ದೆ. ಅವರು ಅದನ್ನು ನೋಡಿ ಮಾಡಿದರು. ಹಾಗೆ ಮಾಡದಿದ್ದರೆ ನೀವು ಪ್ಲಗ್ ಎಳೆದರೂ ಒಂದು ಮಾತು ಹೋಗುತ್ತಿತ್ತು ಅಷ್ಟೇ.’

ಅದನ್ನು ಅವರು ಪುಸ್ತಕದ ಕನ್ನಡದಲ್ಲೇ ಹೇಳಿದರಂತೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದು ಹಾಗೆ.

ಕುಸುಮಮ್ಮ ಗರಿ ಮುರಿಯುವುದನ್ನು ನಿಲ್ಲಿಸಲಿಲ್ಲ. ‘ನಿನ್ ಪುಸ್ತಕ ಬಂದ್ ಪ್ಲಗ್ ಎಳಿತಾ?’ ಎಂದರು. ‘ಈ ಕೈ ಎಳ್ದದ್ದ್. ಚೀಟಿ ಒಲಿಗ್ ಹಾಕದ್ದೂ ಈ ಕೈಯೇ.’

‘ಅಮ್ಮಾ, ನಾ ಹೇಳ್ತಾ ಇಪ್ಪುದ್…’

‘ಅವ್ರಿಗೆ ಹೇಳ್ಬ್ಯಾಡ ಕಾಣ್. ಈಗ ನನ್ ಹತ್ರ ಮಾತಾಡುದಿಲ್ಲ. ನೀ ಹೇಳ್ರೆ ನಿನ್ ಹತ್ರವೂ ಮಾತಾಡುದ್ ಬಿಡ್ತ್ರ್. ಮತ್ತೆ ಯಾರ್ ಹತ್ರ ಮಾತಾಡ್ತ್ರ್ ಅವ್ರ್?’

ಆದರೂ ಸುಗುಣಕ್ಕ ಹೇಳಿದರು. ಹೊರಡುವಾಗ, ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ. ಮಾಷ್ಟ್ರು, ‘ನಂಗೆ ಮರುದಿನವೇ ಗೊತ್ತಾಯ್ತ್. ಪುಟ ತೆಗ್ದ್ ಓದದೆ,’ ಎಂದರು. ‘ನೀ ಹೇಳುದಿಲ್ಲ ಅಂದೇಳಿ ಇದ್ದಿದ್ದೆ.’ ಹೇಳಬೇಕೆಂದು ಕಾದಿದ್ದರೋ, ಹೇಳದಿದ್ದರೆ ಒಳ್ಳೆಯದೆಂದು ಕಾದಿದ್ದರೋ, ಸುಗುಣಕ್ಕನಿಗೆ ಇವತ್ತಿಗೂ ತಿಳಿಯದು.

ಕೆಂಪು ಪೆನ್ನಿನ ಜೆರಾಕ್ಸ್ ಕಟ್ಟು ಅದಾದ ಮೇಲೆ ಜಗಲಿಯಲ್ಲಿ ಕಾಣಲಿಲ್ಲ. ಸುಗುಣಕ್ಕ ಎರಡು ಸಲ ಹೋದರು. ಮೂರನೇ ಸಲ ಹೆಮ್ಮಾಡಿಯಲ್ಲಿ ಬಸ್ಸಿಳಿದು, ರಸ್ತೆ ದಾಟಿ, ಎದುರಿನ ಬಸ್ಸು ಹತ್ತಿ ವಾಪಸು ಬಂದರು. ೨೦೧೧ರ ಮಳೆಗಾಲದಲ್ಲಿ ಮಾಷ್ಟ್ರು ತೀರಿಕೊಂಡರು. ಆ ನಾಲ್ಕು ವರ್ಷ ಅವರು ಮತ್ತೆ ಚೀಟಿ ಬರೆದಿರಲಿಲ್ಲ. ಸುಗುಣಕ್ಕನೂ ಬರೆಯಲಿಲ್ಲ. ನಾಲ್ಕನೇ ಪುಸ್ತಕದ ಕೊನೆಯ ಪುಟ ೨೦೦೭ರ ಏಪ್ರಿಲ್‌ನದ್ದು. ಯಾವುದೋ ಪ್ರಿಂಟರಿನ ಡ್ರೈವರು, ‘ನಾಳೆ ಇನ್ನೊಮ್ಮೆ ನೋಡಿ ಬರೆಯುವುದು’ ಎಂದು ನಿಂತಿದೆ.

ನಾನು ಆ ಕಾಲೇಜಿಗೆ ಸೇರುವಾಗ ಅವರನ್ನು ಆಫೀಸಿಗೆ ಹಾಕಿದ್ದರು. ಕಿಟಕಿಯ ಆಚೆಯಿಂದ ಹಾಲ್‌ಟಿಕೇಟು ಕೊಡುವ ಕೆಲಸ. ಲ್ಯಾಬಿಗೆ ಹೊಸ ಕಂಪ್ಯೂಟರುಗಳು ಬಂದಿದ್ದವು, ಅವು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಪುಸ್ತಕಗಳು ಕಪಾಟಿನಲ್ಲೇ ಇದ್ದವು. ಅವರು ಹೌದು ಎಂದ ಕಾರ್ಡುಗಳನ್ನು ಮಾಡುವುದನ್ನೇ ಕಂಪೆನಿಗಳು ಬಿಟ್ಟಿದ್ದವು. ಕೆಲವು ಡ್ರೈವರುಗಳನ್ನು ಕರ್ನೆಲಿನಿಂದಲೇ ತೆಗೆದಿದ್ದರು. ಇಲ್ಲದ ವಸ್ತುಗಳ ಬಗ್ಗೆ, ಯಾರೂ ಕೇಳದ ಪ್ರಶ್ನೆಗಳಿಗೆ, ದುಂಡಗಿನ ಅಕ್ಷರದಲ್ಲಿ ಸಾವಿರದ ನೂರು ಉತ್ತರಗಳು. ಅವುಗಳಲ್ಲಿ ಒಂದು ತಪ್ಪು. ಸುಗುಣಕ್ಕನಿಗೆ ಕಾಣುತ್ತಿದ್ದದ್ದು ಆ ಒಂದೇ.

ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲೇ, ಕಪಾಟು ಖಾಲಿ ಮಾಡುವವರಿಂದ ಆ ನಾಲ್ಕು ಪುಸ್ತಕಗಳನ್ನು ಬೇಡಿ ತೆಗೆದುಕೊಂಡು ನಾನು ಕೋಟೇಶ್ವರಕ್ಕೆ ಹೋದೆ. ಗಿರಣಿ ಓಡುತ್ತಿತ್ತು. ಸುಗುಣಕ್ಕ ಮೆಟ್ಟಿಲ ಮೇಲೆ ಕೂತು ಮೂರನೇ ಪುಸ್ತಕವನ್ನು ಮಾತ್ರ ತೆಗೆದುಕೊಂಡರು. ಹುಡುಕಬೇಕಾಗಲಿಲ್ಲ, ಪುಟ ತಾನಾಗಿ ತೆರೆಯಿತು. ಆ ಸಾಲಿನ ಕೆಳಗೆ ಮೂರು ಬೆರಳಿನಷ್ಟು ಜಾಗ ಬಿಳಿಯಾಗಿಯೇ ಇತ್ತು.

‘ಇಲ್ಲಿ ಒಂದು ಸಾಲು ಸೇರಿಸಬಹುದಿತ್ತಲ್ಲ ಅಕ್ಕ, ಆಮೇಲಾದರೂ,’ ಎಂದೆ.

‘ಯಾರ್ ಓದುಕೆ?’

‘ನಾನು ಓದುತ್ತೇನೆ.’

ಅವರು ನನ್ನನ್ನು ನೋಡಿದರು. ಕೈ ಚಾಚಿದರು. ನಾನು ಪೆನ್ನು ಕೊಟ್ಟೆ. ಮುಚ್ಚಳ ತೆಗೆದು, ಪುಸ್ತಕವನ್ನು ಮೊಣಕಾಲ ಮೇಲೆ ಸರಿಯಾಗಿ ಇಟ್ಟುಕೊಂಡರು. ಪಡುವಲಲ್ಲಿ, ದೂರ, ಯಾರೋ ಅಟ್ಟದ ಮೇಲೆ ಒರಳು ಉರುಳಿಸಿದ ಹಾಗೆ ಸದ್ದಾಯಿತು. ಗಿರಣಿಯ ಬೆಲ್ಟು ನಿಧಾನವಾಗತೊಡಗಿತು. ಟಪ, ಟಪ. ಅವರ ತುಟಿ ಎಣಿಸುತ್ತಿತ್ತು.

ಒಳಗಿನಿಂದ ಕಮಲಮ್ಮ ಕೂಗಿದರು. ‘ಸುಗುಣಾ, ಗುಡ್ಗ್ ಕೇಂತಿಲ್ಯಾ? ಪ್ಲಗ್ ತೆಗಿ ಮಾರಾಯ್ತಿ!’

‘ಬಂದೆ ಅಬ್ಬೆ,’ ಎಂದು ಎದ್ದರು. ಪುಸ್ತಕವನ್ನು ಬೋರಲಾಗಿ ಮೆಟ್ಟಿಲ ಮೇಲೆ ಇಟ್ಟರು, ಪೆನ್ನು ಕೈಯಲ್ಲೇ ಇತ್ತು. ಹೊಸ್ತಿಲು ದಾಟುತ್ತ, ನನಗೋ ತಮಗೋ, ಬರೆಯುವ ಕನ್ನಡದಲ್ಲಿ, ‘ಇದ್ದಲ್ಲಿ ಅಡ್ಡಿಲ್ಲ ಎಂದು ಮೇಲೆ ಹೇಳಿದ್ದೇನೆ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಗುಡುಗು ಕೇಳಿದ ಕೂಡಲೇ ಹೆಂಗಸರು’ ಎನ್ನುತ್ತ ಒಳಗಿನ ಕತ್ತಲೆಗೆ ನಡೆದರು.